ರೈಲ್ವೆ ಬಳ್ಳಿಗೆ ಹೆಸರಿಟ್ಟವರು

ಇಂಗ್ಲಿಷ್ ಭಾಷೆಗೆ ನಮ್ಮ ಮನೆತನ ಒಂದು ಹೆಸರನ್ನು ಕೊಟ್ಟಿದೆ ಎಂದು ಅಪ್ಪ ನಂಬಿದ್ದ. ಅವನಿಗೆ ಬರುತ್ತಿದ್ದ ಇಂಗ್ಲಿಷ್ ರೈಲ್ವೆಗೆ ಬೇಕಾದಷ್ಟೇ: ಲೈನ್ ಕ್ಲಿಯರ್, ಡೌನ್ ಪ್ಯಾಸೆಂಜರ್, ಯೆಸ್ ಸರ್. ಆದರೂ 'ರೈಲ್ವೆ ಕ್ರೀಪರ್' ಎಂಬ ಎರಡು ಪದಗಳ ಜೋಡಿ ಹುಟ್ಟಿದ್ದು ತನ್ನ ತಂದೆಯ ಕೈಯಿಂದ ಎಂದು ಅವನು ಯಾರ ಮುಂದೆಯೂ ಅಳುಕದೆ ಹೇಳುತ್ತಿದ್ದ. ನಾನೋ ಸಸ್ಯಶಾಸ್ತ್ರ ಓದಿ ನಾಸಿಕದ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳಾದೆ. ಒಂದೇ ಮನೆಯಲ್ಲಿ ಇಂಥ ಇಬ್ಬರಿದ್ದರೆ ಜಗಳವಾಗದೆ ಇರುವುದಿಲ್ಲ.

ಆ ಬಳ್ಳಿಯನ್ನು ನೀವೂ ನೋಡಿರುತ್ತೀರಿ. ತಂತಿ, ಬೇಲಿ, ಪಾಳು ಗೋಡೆ, ಏನು ಸಿಕ್ಕರೂ ಹತ್ತಿಕೊಳ್ಳುತ್ತದೆ. ಬಿಚ್ಚಿದ ಅಂಗೈಯಂತೆ ಐದು ಸೀಳಿನ ಎಲೆ, ತಿಳಿ ನೇರಳೆ ಹೂವು, ಹೂವಿನ ಗಂಟಲಲ್ಲಿ ಸ್ವಲ್ಪ ಗಾಢ ಬಣ್ಣ. ಬೆಳಿಗ್ಗೆ ಅರಳಿ, ಬಿಸಿಲು ಏರಿದ ಮೇಲೆ ಮುದುಡುತ್ತದೆ. ನಮ್ಮ ಮನೆಯಲ್ಲಿ ಅದನ್ನು ದೇವರಿಗೂ ಏರಿಸುತ್ತಿರಲಿಲ್ಲ, ತಲೆಗೂ ಮುಡಿಯುತ್ತಿರಲಿಲ್ಲ. ಮರಾಠಿಯವರು ಅದನ್ನು ಗಾರವೇಲ್ ಎನ್ನುತ್ತಾರೆ. ಬೀದರ ಕಡೆಯ ನಮ್ಮ ಜನಕ್ಕೆ ಅದಕ್ಕೊಂದು ಹೆಸರಿಡುವ ಪುರಸೊತ್ತು ಆದಂತೆ ಕಾಣಲಿಲ್ಲ. ಲ್ಯಾಟಿನ್ ಹೆಸರಿನಲ್ಲಿ ಕೈರೋ ಶಹರ ಅಡಗಿದೆ. ಅದರ ತವರು ಯಾವುದು ಎಂಬುದರಲ್ಲಿ ಪುಸ್ತಕಗಳಿಗೇ ಒಮ್ಮತವಿಲ್ಲ.

ಔರಂಗಾಬಾದಿನ ಸ್ಟೇಷನ್ನಿನಲ್ಲಿ, ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು, ಹೆಂಗಸರ ವೇಟಿಂಗ್ ರೂಮಿನ ಪಕ್ಕದ ಬೇಲಿಯನ್ನು ಈ ಬಳ್ಳಿ ಪೂರಾ ಮುಚ್ಚಿತ್ತು. ಬೇಲಿಯ ಆಚೆ ಉಗಿ ಇಂಜಿನ್ನುಗಳು ನೀರು ಕುಡಿಯುವ ಕಂಬ. ಅಲ್ಲಿಂದ ಸೋರಿದ ನೀರೆಲ್ಲ ಬಳ್ಳಿಯ ಬುಡಕ್ಕೆ. ಅಪ್ಪ ಆ ಸ್ಟೇಷನ್ನಿನಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ತರ್. ಮೀಟರ್ ಗೇಜಿನ ಆ ದಾರಿಯ ಎಷ್ಟೋ ಸಣ್ಣಪುಟ್ಟ ಸ್ಟೇಷನ್ನುಗಳನ್ನು ಸುತ್ತಿ, ಕೊನೆಗೆ ತಾನು ಹುಟ್ಟಿದ ಕಡೆಗೇ ವರ್ಗ ಮಾಡಿಸಿಕೊಂಡು ಬಂದಿದ್ದ. ಬಂದ ದಿನ ಕ್ವಾರ್ಟರ್ಸಿನ ಬೀಗ ತೆಗೆಯುವ ಮೊದಲು ನಮ್ಮನ್ನೆಲ್ಲ ಆ ಬೇಲಿಯ ಹತ್ತಿರ ಕರೆದೊಯ್ದ.

"ಇದು ನಿಮ್ಮ ಮುತ್ಯಾ ಹಚ್ಚಿದ್ದವ್ವ," ಎಂದ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತೇವೆ. "ಇಲ್ಲಿಂದೇ ಇದಕ್ಕ ರೈಲ್ವೆ ಕ್ರೀಪರ್ ಅಂತ ಹೆಸರು ಬಂದದ್ದು."

ಕಥೆ ಹೀಗಿತ್ತು. ನಿಜಾಮರ ಕಾಲದಲ್ಲಿ ಮುತ್ಯಾ ಆ ಸ್ಟೇಷನ್ನಿನ ಮಾಲಿ. ಕಬ್ಬಿಣದ ಬೇಲಿ ಕಣ್ಣಿಗೆ ಚುಚ್ಚುತ್ತದೆ ಎಂದು ಎಲ್ಲಿಂದಲೋ ಈ ಬಳ್ಳಿ ತಂದು ನೆಟ್ಟ. ಒಮ್ಮೆ ಒಬ್ಬ ದೊಡ್ಡ ಬಿಳಿ ಸಾಹೇಬರು, ಅಧಿಕಾರಿಗಳಿಗೆಂದೇ ಇದ್ದ ಸಲೂನ್ ಗಾಡಿಯಲ್ಲಿ ತಪಾಸಣೆಗೆ ಬಂದರು. ಅವರ ಮೇಮ್‌ಸಾಹೇಬರು ಬಳ್ಳಿಯನ್ನು ನೋಡಿ ಮನಸೋತು, ತುಂಡೊಂದನ್ನು ಕೇಳಿ ಬಿಸ್ಕತ್ತಿನ ಡಬ್ಬಿಯಲ್ಲಿ ಮಣ್ಣು ತುಂಬಿಸಿ ಸಿಕಂದರಾಬಾದಿನ ಬಂಗಲೆಗೆ ಒಯ್ದರು. ಅಲ್ಲಿ ಬಂದವರು ಹೋದವರು ಇದೇನು ಬಳ್ಳಿ ಎಂದು ಕೇಳಿದಾಗಲೆಲ್ಲ, ಹೆಸರು ಗೊತ್ತಿಲ್ಲದ ಮೇಮ್‌ಸಾಹೇಬರು ಇದು ರೈಲ್ವೆಯಿಂದ ತಂದ ಬಳ್ಳಿ, ರೈಲ್ವೆ ಕ್ರೀಪರ್ ಎಂದರು. ಬಂಗಲೆಯಿಂದ ಬಂಗಲೆಗೆ ಬಳ್ಳಿಯೂ ಹೋಯಿತು, ಹೆಸರೂ ಹೋಯಿತು.

ಅಪ್ಪ ಇದನ್ನು ಹೇಳುವಾಗ ಮೇಮ್‌ಸಾಹೇಬರ ಟೋಪಿ ಎಂಥದು, ಸಾಹೇಬರ ಕೈಕೋಲು ಎಂಥದು, ಡಬ್ಬಿಯ ಮೇಲೆ ಯಾವ ಚಿತ್ರವಿತ್ತು, ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಬಣ್ಣಿಸುತ್ತಿದ್ದ. ಅವ್ವನಿಗೆ ಕೇಳಿ ಕೇಳಿ ಸಾಕಾಗಿತ್ತು. "ನಿಮ್ಮ ಬಳ್ಳಿ ಪುರಾಣ ಮುಗೀತಂದ್ರ ಊಟಕ್ಕ ಏಳ್ರಿ," ಎನ್ನುತ್ತಿದ್ದಳು. ಅವ್ವನ ಲೆಕ್ಕದಲ್ಲಿ ಆ ಮೇಮ್‌ಸಾಹೇಬರು ವರ್ಷ ವರ್ಷಕ್ಕೆ ಹೆಚ್ಚು ಸುಂದರಿಯಾಗುತ್ತ ಹೋಗಿದ್ದರು.

ನನಗೆ ಚಿಕ್ಕಂದಿನಿಂದ ಒಂದು ಚಾಳಿ. ಯಾರು ಏನೇ ಹೇಳಲಿ, ನೋಡಿದವರು ಯಾರು ಎಂದು ಕೇಳುತ್ತೇನೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮವರು ಬಾಯಿಮಾತಿಗೆ ಹೇಳುತ್ತಾರೆ, ನಾನು ನಂಬುತ್ತೇನೆ. ಈ ಗುಣದಿಂದ ನೆಂಟರಲ್ಲಿ ನನಗೆ ಒಳ್ಳೆಯ ಹೆಸರಿಲ್ಲ. ಅದರ ಬಗ್ಗೆ ಬೇಸರವೂ ಇಲ್ಲ. ಅಪ್ಪನ ಕಥೆಯಲ್ಲಿ ನನಗೆ ಮೊದಲು ಕಂಡದ್ದು ಅದರ ತೂತು. ಮಾಲಿ ಆ ಬಳ್ಳಿಯನ್ನು 'ಎಲ್ಲಿಂದಲೋ' ತಂದ ಎಂದರೆ ಆ ಎಲ್ಲಿಂದಲೋ ಯಾವುದು? ಅಲ್ಲಿ ಅದಕ್ಕೆ ಹೆಸರಿರಲಿಲ್ಲವೆ?

ಆ ಬಳ್ಳಿ ಹೇಗೆ ಊರೂರು ತಿರುಗುತ್ತದೆ ಎಂಬುದು ನಮ್ಮ ಮನೆಯಲ್ಲೇ ಕಣ್ಣಿಗೆ ಕಾಣುತ್ತಿತ್ತು. ವರ್ಗದ ಆರ್ಡರ್ ಬಂತೆಂದರೆ ರೈಲ್ವೆಯ ಮನೆಗಳಲ್ಲಿ ಹೆಂಗಸರು ಪಾತ್ರೆ ಕಟ್ಟುವುದರ ಜೊತೆಗೆ ಒಂದು ತುಂಡು ಬಳ್ಳಿಯನ್ನೂ ಕಟ್ಟುತ್ತಿದ್ದರು. ಇಂಜಿನ್ ಒರೆಸುವ ಹತ್ತಿ ನೂಲಿನ ಗಂಟನ್ನು ನೀರಿನಲ್ಲಿ ನೆನೆಸಿ, ಅದರೊಳಗೆ ತುಂಡನ್ನು ಸುತ್ತಿದರೆ ಒಂದೆರಡು ದಿನದ ಪ್ರಯಾಣ ತಾಳುತ್ತಿತ್ತು. ಹೊಸ ಕ್ವಾರ್ಟರ್ಸಿನ ಬಚ್ಚಲ ನೀರು ಹರಿಯುವಲ್ಲಿ ಚುಚ್ಚಿಬಿಟ್ಟರೆ ಮುಗಿಯಿತು. ಬಚ್ಚಲ ಗೋಡೆಗೆ ಮರೆ ಬೇಕಲ್ಲ. ಅವ್ವ ಎಲ್ಲಿ ಹೋದರೂ ಇದನ್ನು ಮಾಡಿದಳು. ಬಳ್ಳಿ ಗೋಡೆಯನ್ನು ಪೂರ್ತಿ ಮುಚ್ಚುವ ಹೊತ್ತಿಗೆ ಮತ್ತೊಂದು ವರ್ಗ. ಹಾಗೆ ನಾವು ಬಿಟ್ಟುಬಂದ ಬಳ್ಳಿಗಳನ್ನು ನಮ್ಮ ಹಿಂದೆ ಬಂದವರು ತಮ್ಮದೆಂದುಕೊಂಡರು. ನಮಗಿಂತ ಮುಂಚೆ ಇದ್ದವರ ಬಳ್ಳಿಯನ್ನು ನಾವು ನಮ್ಮದೆಂದುಕೊಂಡೆವು. ತಾನು ಗಾಡಿ ಹತ್ತಿದ ಸ್ಟೇಷನ್ನೇ ಗಾಡಿ ಹೊರಟ ಸ್ಟೇಷನ್ ಎಂದುಕೊಳ್ಳುವ ತಪ್ಪನ್ನು ಪ್ರಯಾಣಿಕರು ಮಾಡುವುದಿಲ್ಲ. ರೈಲ್ವೆಯವರು ಬಳ್ಳಿಯ ವಿಷಯದಲ್ಲಿ ಮಾಡಿದರು.

ಕಾಲೇಜಿನಲ್ಲಿ ನಾನು ಗಿಡಗಳ ಇಂಗ್ಲಿಷ್ ಹೆಸರುಗಳನ್ನು ಹೇಳಿಕೊಡುವಾಗ ಹುಡುಗಿಯರು ನಗುತ್ತಿದ್ದರು. ಬೆಂಡೆಕಾಯಿ ಹೆಂಗಸಿನ ಬೆರಳಂತೆ. ಮಡಿಕೆಯಲ್ಲಿ ನೆಟ್ಟ ಒಂದು ಗಿಡ ಅತ್ತೆಯ ನಾಲಿಗೆಯಂತೆ. ಸಂಜೆಮಲ್ಲಿಗೆಗೆ ಅವರ ಲೆಕ್ಕದಲ್ಲಿ ನಾಲ್ಕು ಗಂಟೆಯ ಹೂವೆಂದು ಹೆಸರು. ನಮ್ಮ ನಾಸಿಕದಲ್ಲಿ ಅದು ಯಾವ ಗಡಿಯಾರವನ್ನೂ ನೋಡದೆ ತನಗೆ ಬೇಕಾದಾಗ ಅರಳುತ್ತಿತ್ತು. ಎರಡು ಪದಗಳನ್ನು ಗಂಟುಹಾಕಿ ಮಾಡಿದ ಈ ಹೆಸರುಗಳ ಗುಟ್ಟು ದೊಡ್ಡದೇನಲ್ಲ ಎಂದು ನಾನು ಅವರಿಗೆ ಹೇಳುತ್ತಿದ್ದೆ. ಗಿಡ ಹುಟ್ಟಿದ್ದು ಎಲ್ಲಿ ಎಂದು ಹೆಸರು ಹೇಳುವುದಿಲ್ಲ. ಹೆಸರಿಟ್ಟವರು ಅದನ್ನು ಎಲ್ಲಿ, ಹೇಗೆ ಕಂಡರು ಎಂದಷ್ಟೇ ಹೇಳುತ್ತದೆ. ಔರಂಗಾಬಾದಿನಲ್ಲಿ ನಮ್ಮನ್ನು ಬಿದರ್‌ವಾಲೆ ಎನ್ನುತ್ತಿದ್ದರು, ಬೀದರಿಗೆ ಹೋದರೆ ಔರಂಗಾಬಾದಿನವರು ಬಂದರು ಎನ್ನುತ್ತಿದ್ದರು. ಹೆಸರಿನ ವ್ಯವಹಾರ ಇಷ್ಟೇ.

ರಜೆ ಮುಗಿಸಿ ನಾಸಿಕಕ್ಕೆ ಹೋಗಬೇಕಾದರೆ ಮೀಟರ್ ಗೇಜಿನಲ್ಲಿ ಮನ್ಮಾಡಿನವರೆಗೆ ಹೋಗಿ, ಅಲ್ಲಿ ದೊಡ್ಡ ಗಾಡಿ ಹಿಡಿದು ನಾಸಿಕ್ ರೋಡಿನಲ್ಲಿ ಇಳಿಯಬೇಕಿತ್ತು. ನಾಸಿಕ್ ರೋಡಿನ ಪ್ಲಾಟ್‌ಫಾರ್ಮಿನಲ್ಲಿ ಒಂದು ಚಹದ ಸ್ಟಾಲ್. ಅದರ ಯಜಮಾನರು ಗಿರಾಕಿಗಳೊಡನೆ ಹಿಂದಿ, ಮರಾಠಿ ಆಡುತ್ತ, ಒಲೆಯೊಡನೆ ಮಾತ್ರ ಕನ್ನಡ ಆಡುತ್ತಿದ್ದರು. "ದರಿದ್ರದ್ದೇ, ಈಗಲೇ ಆರಬೇಕಿತ್ತಾ ನಿಂಗೆ?" ಎಂದು ಅವರು ಒಲೆಯನ್ನು ಬೈದದ್ದು ಕೇಳಿ ನಾನು ನಕ್ಕೆ. ಹಾಗೆ ಪರಿಚಯ. ಉಡುಪಿಯ ಕಡೆಯವರು. ಸೋದರಮಾವನ ಜೊತೆ ಚಿಕ್ಕವರಿದ್ದಾಗಲೇ ಬಂದು, ಮಾವನ ನಂತರ ಸ್ಟಾಲನ್ನು ನೋಡಿಕೊಳ್ಳುತ್ತಿದ್ದರು. ನನ್ನನ್ನು ಟೀಚರೇ ಎಂದು ಕರೆಯುತ್ತಿದ್ದರು.

ಸ್ಟಾಲಿನ ಹಿಂದೆ ಹಳೆಯ ರೈಲುಕಂಬಿಗಳನ್ನು ನೆಟ್ಟು ಮಾಡಿದ ಬೇಲಿ, ಬೇಲಿಯ ತುಂಬ ಅದೇ ಬಳ್ಳಿ. ಒಂದು ಸಲ ನಾನು ಅದರ ಎಲೆಯನ್ನು ಮಗುಚಿ ನೋಡುತ್ತಿದ್ದಾಗ ಅವರು ಚಹದ ಲೋಟವನ್ನು ಮುಂದಿಟ್ಟು ಹೇಳಿದರು: "ಅದು ನಮ್ಮ ಮಾವ ನೆಟ್ಟದ್ದು ಟೀಚರೇ. ರೈಲ್ವೆ ಕ್ರೀಪರ್ ಅಂತ ಹೆಸರುಂಟಲ್ಲ, ಅದು ಬಂದದ್ದೇ ಇಲ್ಲಿಂದ."

ಮುಂದಿನದನ್ನು ನಾನೇ ಹೇಳಬಹುದಿತ್ತು. ಪಕ್ಕದ ದೇವಲಾಲಿಯ ಬಿಳಿಯರ ದಂಡಿನ ಒಬ್ಬ ದೊರೆಸಾನಿ, ಗಾಡಿಗೆ ಕಾಯುತ್ತಿದ್ದಾಗ ಬಳ್ಳಿ ನೋಡಿದ್ದು, ತುಂಡು ಕೇಳಿದ್ದು, ಬಂಗಲೆ, ಬಂದವರ ಪ್ರಶ್ನೆ. ಬಿಸ್ಕತ್ತಿನ ಡಬ್ಬಿಯೂ ಇತ್ತು! ಮಾವ ಸ್ಟಾಲಿನಿಂದಲೇ ಕೊಟ್ಟದ್ದಂತೆ. ನಗು ಬಂತು. ಆಮೇಲೆ ಗಾಡಿಯ ಸದ್ದಿನಲ್ಲಿ ಯೋಚಿಸಿದಾಗ ಸ್ವಲ್ಪ ಸಿಟ್ಟೂ ಬಂತು. ಈ ದೇಶದ ಎಷ್ಟು ಸ್ಟೇಷನ್ನುಗಳಲ್ಲಿ ಎಷ್ಟು ಡಬ್ಬಿಗಳು ಹೀಗೆ ತಿರುಗುತ್ತಿವೆಯೋ ಅನ್ನಿಸಿತು. ಅಪ್ಪನಿಗೆ ಹೇಳಲಿಲ್ಲ. ಅವನ ಬಳ್ಳಿ ಅವನಿಗಿರಲಿ, ನನಗೇನು ನಷ್ಟ ಎಂದುಕೊಂಡೆ.

ಹೇಳದೆ ಇರಲು ಆಗದಂಥ ಸಂದರ್ಭ ಎಪ್ಪತ್ತರ ದಶಕದ ಮೊದಲಲ್ಲಿ ಬಂತು. ಮಳೆ ಕೈಕೊಟ್ಟ ವರ್ಷ. ಸ್ಟೇಷನ್ನಿನ ತೋಟದ ಕಣಗಿಲೆ, ಗುಲಾಬಿ, ದಾಸವಾಳ ಎಲ್ಲ ಒಣಗಿ ಕಡ್ಡಿಯಾದವು. ಇಂಜಿನ್ ಕಂಬದ ಸೋರುನೀರು ಕುಡಿಯುತ್ತಿದ್ದ ಬಳ್ಳಿಯೊಂದೇ ಹಸಿರು. ಆಗಲೇ ದೊಡ್ಡ ಸಾಹೇಬರ ತಪಾಸಣೆ ಇದೆ ಎಂದು ಸುದ್ದಿ. ತೋಟ ಚೆನ್ನಾಗಿಟ್ಟ ಸ್ಟೇಷನ್ನಿಗೆ ಶಾಬಾಸ್‌ಗಿರಿ ಸಿಗುತ್ತಿದ್ದ ಕಾಲ ಅದು. ತೋರಿಸಲು ಬೇರೇನೂ ಇಲ್ಲದ್ದರಿಂದ ಬಳ್ಳಿಯ ಮುಂದೆಯೇ ಒಂದು ಅಂದವಾದ ಬೋರ್ಡು ಹಾಕೋಣ ಎಂದರು ಸ್ಟೇಷನ್ ಮಾಸ್ತರರು. ಅವರು ಮರಾಠಿಯವರು, ಒಳ್ಳೆಯವರು, ಆದರೆ ಭಯಸ್ಥರು.

ಅಪ್ಪ ಜೀವಮಾನದಲ್ಲಿ ಒಮ್ಮೆ ಬಾಯಿಬಿಟ್ಟು ಕೇಳಿದ. ಈ ಬಳ್ಳಿಗೆ ಇಂಗ್ಲಿಷ್ ಹೆಸರು ಬಂದದ್ದು ಈ ಸ್ಟೇಷನ್ನಿನಿಂದ, ನೆಟ್ಟವರು ನಮ್ಮ ತಂದೆ ಎಂದು ಆ ಬೋರ್ಡಿನಲ್ಲಿ ಬರೆಸಬೇಕು. ಅವನ ನಿವೃತ್ತಿ ಹತ್ತಿರ ಬಂದಿತ್ತು. ಮುತ್ಯಾ ಬಿಟ್ಟುಹೋದದ್ದು ಹೊಲವಲ್ಲ, ಮನೆಯಲ್ಲ, ಒಂದು ಫೋಟೋ ಕೂಡ ಅಲ್ಲ. ಅವನ ಹೆಸರು ಜಗತ್ತಿನಲ್ಲಿ ಉಳಿದಿದ್ದರೆ ಅಪ್ಪನ ಹೆಸರಿನ ನಡುವೆ ಒಂದು ಇಂಗ್ಲಿಷ್ ಅಕ್ಷರವಾಗಿ, ಅದರ ಪಕ್ಕದ ಚುಕ್ಕೆಯಾಗಿ. ಅಪ್ಪ ನಿವೃತ್ತನಾದರೆ ಅದೂ ಸ್ಟೇಷನ್ನಿನಿಂದ ಹೋಗುತ್ತಿತ್ತು. ಅದಕ್ಕೇ ಈ ಬೋರ್ಡು ಅವನಿಗೆ ಬೇಕಿತ್ತು. ನನಗೆ ಇದು ಅರ್ಥವಾಗುತ್ತಿರಲಿಲ್ಲ ಎಂದೇನೂ ಇಲ್ಲ.

ಸಾಹೇಬರು ಪ್ರಶ್ನೆ ಕೇಳಿದರೆ ಏನು ಗತಿ ಎಂದು ಮಾಸ್ತರರು ಹೆದರಿದರು. "ಬಾಯಿಂನೀ ಲಿಹೂನ್ ದಿಲಂ ತರ್ ಲಾವೂ," ಎಂದರು. ಕಾಲೇಜಿನಲ್ಲಿ ಕಲಿಸುವ ಬಾಯಿಯವರು, ಅಂದರೆ ನಾನು, ಬರೆದುಕೊಟ್ಟರೆ ಹಾಕೋಣ ಎಂದು. ಅಪ್ಪ ಗೆದ್ದವನಂತೆ ಮನೆಗೆ ಬಂದ. ನಾನು ರಜೆಗೆಂದು ಬಂದಿದ್ದೆ.

"ನೀ ಇಂಗ್ಲೀಷಿನ್ಯಾಗ ಬರದಿ ಅಂದ್ರ ಯಾರೂ ಉಸುರು ಬಿಡಂಗಿಲ್ಲ," ಎಂದ.

"ನೋಡಿದವ್ರು ಯಾರಪ್ಪ?" ಎಂದೆ.

"ಸುರು ಆಯ್ತು ನಿಂದು."

"ಆ ಗಿಡದ ಲ್ಯಾಟಿನ್ ಹೆಸರಿನ್ಯಾಗೇ ಕೈರೋ ಅದ. ನಾ ಏನಂತ ಬರೀಲಿ?"

"ಕೈರೋದಾಗ ರೈಲು ಇಲ್ಲೇನು?" ಎಂದ ಅಪ್ಪ. ವಾದದಲ್ಲಿ ಅವನಿಗೆ ಸೋಲೆಂಬುದಿರಲಿಲ್ಲ.

ಹೆಸರು ಇಲ್ಲಿಂದಲೇ ಬಂತು ಎಂದು ನನ್ನ ಕೈಯಾರೆ ಬರೆಯುವುದಿಲ್ಲ ಎಂದೆ. ನನ್ನ ಕಸುಬಿನಲ್ಲಿ ಒಂದು ಸುಳ್ಳು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಈಗಲೂ ಹಾಗೇ ಹೇಳುತ್ತೇನೆ. ಅಪ್ಪ ಜಗಳವಾಡಲಿಲ್ಲ. "ಹಿತ್ತಲ ಗಿಡ ಮದ್ದಲ್ಲ ಅಂತಾರ, ಹಂಗಾಯ್ತು," ಎಂದಷ್ಟೇ ಹೇಳಿ ಡ್ಯೂಟಿಗೆ ಹೋದ. ಅವ್ವ ನನ್ನ ಕಡೆ ನೋಡಿ, "ನೀ ಹಿಡಿದ ಮೊಲಕ್ಕ ಮೂರೇ ಕಾಲು," ಎಂದಳು. ಮೊಲ ಹಿಡಿದವನು ಅಪ್ಪ, ಕಾಲು ಎಣಿಸಿದವಳು ನಾನು ಎಂದು ನಾನು ಹೇಳಬೇಕೆಂದಿದ್ದೆ. ಹೇಳಲಿಲ್ಲ.

ರಜೆ ಮುಗಿದಾಗ ಅಪ್ಪ ನನ್ನ ಜೊತೆ ಹೊರಟ. ಬಹಳ ವರ್ಷದಿಂದ ತ್ರ್ಯಂಬಕೇಶ್ವರಕ್ಕೆ ಹೋಗಬೇಕೆಂಬ ಆಸೆ, ಪಾಸ್ ಇದ್ದಾಗಲೇ ನೋಡಿಬಿಡುತ್ತೇನೆ ಎಂದ. ಬೋರ್ಡಿನ ಮಾತು ದಾರಿಯುದ್ದಕ್ಕೂ ಎತ್ತಲಿಲ್ಲ. ಮನ್ಮಾಡಿನಲ್ಲಿ ಗಾಡಿ ಬದಲಿಸಿದಾಗ ನನ್ನ ಟ್ರಂಕನ್ನು ತಾನೇ ಹೊತ್ತ, ನಾನು ಕಸಿದುಕೊಂಡರೂ ಕೊಡಲಿಲ್ಲ. ಅವನ ಮುನಿಸು ಯಾವಾಗಲೂ ಇಂಥದು, ಉಪಕಾರ ಮಾಡಿ ತೀರಿಸಿಕೊಳ್ಳುವುದು.

ನಾಸಿಕ್ ರೋಡಿನಲ್ಲಿ ಇಳಿದಾಗ ಬೆಳಗಿನ ಹೊತ್ತು. ಸ್ಟಾಲಿನ ಮುಂದೆ ಹಾದುಹೋಗದೆ ಹೊರಗೆ ಹೋಗುವ ಉಪಾಯವನ್ನು ನಾನು ಆಗಲೇ ಯೋಚಿಸಿದ್ದೆ. ಆಗಲಿಲ್ಲ.

"ಟೀಚರೇ, ರಜೆ ಮುಗೀತಾ? ಇವರು ತಂದೆಯವರಾ? ಬನ್ನಿ ಬನ್ನಿ, ಚಾ ಕುಡ್ದು ಹೋಗಿ."

ಅಪ್ಪನಿಗೆ ಕನ್ನಡ ಕಿವಿಗೆ ಬಿದ್ದದ್ದೇ ಸಾಕಾಯಿತು. ಟ್ರಂಕು ಇಳಿಸಿದ. ಆಮೇಲೆ ಕತ್ತೆತ್ತಿ ನೋಡಿದ. ಹಿಂದಿನ ಬೇಲಿಯ ತುಂಬ ಹೂವು.

"ಇಲ್ಲೂ ಅದ ಅಲ್ಲವ್ವ ನಮ್ಮ ಬಳ್ಳಿ!"

"ಬಸ್ಸಿಗೆ ತಡ ಆಗ್ತದಪ್ಪ," ಎಂದೆ.

"ನಿಮ್ಮ ಬಳ್ಳಿಯಾ?" ಎಂದರು ಸ್ಟಾಲಿನವರು. "ಅದು ನಮ್ಮ ಮಾವ ನೆಟ್ಟದ್ದು ಮಾರಾಯ್ರೆ. ಅದಕ್ಕೆ ರೈಲ್ವೆ ಕ್ರೀಪರ್ ಅಂತ ಹೆಸರು ಬಂದದ್ದೇ ಈ ಪ್ಲಾಟ್‌ಫಾರ್ಮಿಂದ."

ನಾನು ಕಣ್ಣು ಮುಚ್ಚಿಕೊಂಡೆ. ಅಪ್ಪ ಲೋಟವನ್ನು ಕೆಳಗಿಟ್ಟ ಸದ್ದು ಕೇಳಿಸಿತು.

"ಏನ್ರಿ ಇದು ಅನ್ಯಾಯ! ಆ ಹೆಸರು ಔರಂಗಾಬಾದಿಂದು. ನಮ್ಮ ಅಪ್ಪ ಹಚ್ಚಿದ್ದು."

"ಔರಂಗಾಬಾದಲ್ಲಿ ದೊರೆಸಾನಿಗಳು ಎಲ್ಲಿದ್ರು? ದೇವಲಾಲಿ ಇರೋದು ಇಲ್ಲಿ."

"ಸಲೂನಿನ್ಯಾಗ ಬಂದಿದ್ರು. ಬಿಸ್ಕೀಟಿನ ಡಬ್ಬ್ಯಾಗ ಒಯ್ದಾರ."

"ಡಬ್ಬಿ ಕೊಟ್ಟದ್ದೇ ನಮ್ಮ ಮಾವ! ಈ ಸ್ಟಾಲಿಂದ! ನಿಮ್ಮಲ್ಲಿ ಡಬ್ಬಿ ಕೊಟ್ಟದ್ದು ಯಾರು?"

ಅಪ್ಪನ ಕಥೆಯಲ್ಲಿ ಡಬ್ಬಿ ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ, ನಾನು ಕೂಡ. ಚಹಕ್ಕೆ ಬಂದ ಗಿರಾಕಿಗಳು ಲೋಟ ಹಿಡಿದು ನಿಂತು, ಭಾಷೆ ತಿಳಿಯದಿದ್ದರೂ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದರು. ಇಬ್ಬರು ಹಿರಿಯರು ಎಂದೋ ಹೋದ ಮೇಮ್‌ಸಾಹೇಬರಿಬ್ಬರಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕೈ ಆಡಿಸಿಕೊಂಡು ವಾದಿಸುವುದನ್ನು ನೋಡಿ ನನಗೆ ಒಳಗೊಳಗೇ ಮಜವೂ ಆಗುತ್ತಿತ್ತು. ಸತ್ಯ ತಾನಾಗಿ ಹೊರಬಿತ್ತು, ನಾನು ಹೇಳುವ ಕೆಲಸ ತಪ್ಪಿತು ಎಂಬ ನಿರಾಳವೂ ಇತ್ತು.

"ನಮ್ಮ ಮಾವ ಎಂಥ ಮನುಷ್ಯ ಗೊತ್ತುಂಟಾ ನಿಮಗೆ?" ಎಂದರು ಸ್ಟಾಲಿನವರು. ಅವರ ದನಿ ಈಗ ವಾದದ್ದಾಗಿರಲಿಲ್ಲ. "ಕಡ್ಡಿ ಹಾಗೆ ಇದ್ರು. ಕಿವಿಯಲ್ಲಿ ಕೆಂಪು ಕಲ್ಲಿನ ಒಂಟಿ. ಮುಂದಿನ ಹಲ್ಲು ಇರ್ಲಿಲ್ಲ, ನಗುವಾಗ ಕೈ ಅಡ್ಡ ಹಿಡೀತಿದ್ರು. ದಿನಾ ಬೆಳಿಗ್ಗೆ ಲೋಟ ತೊಳೆದ ನೀರನ್ನು ಬಳ್ಳಿಗೆ ಹಾಕುವಾಗ ಅದಕ್ಕೆ ಬಯ್ಯೋದು. ತಿಂದು ತಿಂದು ಬೆಳೀತಿ, ಒಂದು ಕಾಯಿ ಕೊಡೂದಿಲ್ಲ ಅಂತ." ಅವರು ನಕ್ಕರು. "ನಿಮ್ಮ ತಂದೆಯವರು? ಅವರು ಹೇಗಿದ್ರು?"

ಅಪ್ಪ ಬಾಯಿ ತೆರೆದ. ಟೋಪಿ, ಕೈಕೋಲು, ಡಬ್ಬಿಯ ಚಿತ್ರ ಎಲ್ಲವನ್ನೂ ಬಣ್ಣಿಸಬಲ್ಲವನು ಹಾಗೇ ನಿಂತ.

"ನಾ ನೋಡಿಲ್ರಿ," ಎಂದ.

ಸ್ಟಾಲಿನವರು ಕುದಿಯುತ್ತಿದ್ದ ಚಹವನ್ನು ಒಲೆಯಿಂದ ಇಳಿಸಿದರು.

"ನಾ ಹೊಟ್ಟ್ಯಾಗಿದ್ದಾಗೇ ಹೋಗ್ಯಾರ, ಪ್ಲೇಗಿನ್ಯಾಗ. ನಮ್ಮವ್ವ ಹೆಂಗಸ್ರ ವೇಟಿಂಗ್ ರೂಮಿನ್ಯಾಗ ಆಯಾ ಇದ್ಲು. ಅಪ್ಪ ಎಲ್ಲಿ ಅಂತ ನಾ ಅತ್ರ, ಎತ್ಕೊಂಡು ಬೇಲಿ ಹತ್ರ ಬರ್ತಿದ್ಲು. ಇದು ನಿಮ್ಮಪ್ಪಂದು ನೋಡು ಅಂತಿದ್ಲು. ಮತ್ತೇನೂ ಇರ್ಲಿಲ್ರಿ ತೋರ್ಸಾಕ. ನನಗ ಅಪ್ಪ ಅಂದ್ರ ಈ ಹೂವೇ ಕಣ್ಣಿಗಿ ಬರ್ತದ."

ಮುತ್ಯಾ ಬೇಗ ತೀರಿಕೊಂಡ ಎಂದು ನನಗೆ ಗೊತ್ತಿತ್ತು. ಎಷ್ಟು ಬೇಗ ಎಂದು ಗೊತ್ತಿರಲಿಲ್ಲ. ಅಪ್ಪ ಹೇಳಿರಲಿಲ್ಲ. ಮೇಮ್‌ಸಾಹೇಬರ ಕಥೆಯನ್ನು ಹೇಳಿ ಹೇಳಿ ಆ ಜಾಗವನ್ನು ಮುಚ್ಚಿಟ್ಟಿದ್ದ. ನಾನು ಇಷ್ಟು ವರ್ಷ ವಾದಿಸಿದ್ದು ಹೆಸರಿನ ಹುಟ್ಟಿನ ಬಗ್ಗೆ. ಅವನು ಮಾತಾಡುತ್ತಿದ್ದದ್ದು ಬೇರೆಯದರ ಬಗ್ಗೆ.

ಸ್ಟಾಲಿನವರು ಹೆಗಲ ಮೇಲಿನ ಬಟ್ಟೆ ತೆಗೆದು ಕಟ್ಟೆಯನ್ನು ಒರೆಸಿದರು, ಒರೆಸುವಂಥದೇನೂ ಅಲ್ಲಿರಲಿಲ್ಲ.

"ಹಾಗಾದ್ರೆ ಬಳ್ಳಿ ನಿಮ್ಮದೇ ಇರ್ಲಿ ಮಾರಾಯ್ರೆ," ಎಂದರು. "ನಂಗೆ ಮಾವನ ಮುಖ ಉಂಟು."

ನನಗೆ ಅಳು ಬಂತು. ಸ್ಟೇಷನ್ನಿನಲ್ಲಿ ಅಳುವವರನ್ನು ಕಂಡರೆ ನನಗಾಗದು, ಆದರೂ ಬಂತು. ಟ್ರಂಕಿನ ಬೀಗ ನೋಡುವವಳಂತೆ ಬಗ್ಗಿ ಕೂತೆ. ಅಪ್ಪ ಇನ್ನೊಂದು ಚಹ ಕುಡಿದ. ಇಬ್ಬರೂ ಆ ವರ್ಷದ ಸೆಖೆಯ ಬಗ್ಗೆ, ಮಂಗಳೂರಿಗೆ ನೇರ ಗಾಡಿ ಇಲ್ಲದ ತಾಪತ್ರಯದ ಬಗ್ಗೆ ಮಾತಾಡಿದರು.

ತ್ರ್ಯಂಬಕದ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತ. ಊರು ದಾಟಿ ಬೆಟ್ಟದ ಸಾಲು ಕಂಡ ಮೇಲೆ ಹೇಳಿದ: "ಬೋರ್ಡಿನ್ಯಾಗ ಹೆಸರಿಂದು ಬರೀಬ್ಯಾಡವ್ವ. ಆ ಮನಷ್ಯಾನ ಮಾವನೂ ಹಚ್ಯಾನ."

"ನೆಟ್ಟವ್ರು ಯಾರು ಅಂತ ಬರೀತೀನಿ," ಎಂದೆ.

"ಅದಕ್ಕ ನೋಡಿದವ್ರು?"

"ನಿಮ್ಮವ್ವ ನೋಡ್ಯಾಳ."

ಇದನ್ನು ನಾನು ಅವನನ್ನು ಸಮಾಧಾನಪಡಿಸಲು ಹೇಳಲಿಲ್ಲ. ನಮ್ಮ ಕಾಲೇಜಿನ ಕಪಾಟಿನಲ್ಲಿ ಒಣಗಿಸಿದ ಗಿಡಗಳನ್ನು ಅಂಟಿಸಿದ ಹಾಳೆಗಳಿದ್ದವು. ಇಂಥ ಗಿಡ, ಇಂಥ ಕಡೆ ಸಿಕ್ಕಿತು ಎಂದು ಯಾರೋ ಒಬ್ಬರು ಬರೆದಿಟ್ಟಿದ್ದರು, ಬೇರೆ ಸಾಕ್ಷಿ ಇರಲಿಲ್ಲ, ನಾವು ನಂಬುತ್ತಿದ್ದೆವು. ಅಳುವ ಮಗುವನ್ನು ಎತ್ತಿಕೊಂಡು ದಿನವೂ ಒಂದೇ ಗಿಡದ ಹತ್ತಿರ ಬಂದ ಹೆಂಗಸಿನ ಮಾತು ಅದಕ್ಕಿಂತ ಕಡಿಮೆಯದಲ್ಲ. ಅಪ್ಪ ದೇವಸ್ಥಾನದಲ್ಲಿ ಸಾಲಿನಲ್ಲಿ ನಿಂತು ದರ್ಶನ ಮಾಡಿದ, ಹೊರಗೆ ಬಂದು ಕಡಲೆ ಕೊಂಡು ತಿಂದ.

ಬೋರ್ಡಿಗೆ ನಾನು ಬರೆದುಕೊಟ್ಟದ್ದು ಮೂರು ಸಾಲು. ಗಿಡದ ಇಂಗ್ಲಿಷ್ ಹೆಸರು, ಲ್ಯಾಟಿನ್ ಹೆಸರು, ಈ ಸ್ಟೇಷನ್ನಿನಲ್ಲಿ ನೆಟ್ಟವರ ಪೂರ್ತಿ ಹೆಸರು ಮತ್ತು ಮಾಲಿ ಎಂಬ ಹುದ್ದೆ. ಇಂಗ್ಲಿಷ್ ಹೆಸರು ಎಲ್ಲಿ ಹುಟ್ಟಿತೆಂದು ಬರೆಯಲಿಲ್ಲ. ನನಗೆ ಅದು ಇವತ್ತಿಗೂ ಗೊತ್ತಿಲ್ಲ. ಗಂಟಿನಲ್ಲಿ ಕಟ್ಟಿಕೊಂಡು ಹೋದ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರೂ ಗೊತ್ತಾಗಲಿಕ್ಕಿಲ್ಲ.

ತಪಾಸಣೆಯ ದಿನಕ್ಕೆಂದು ನಾನು ಮತ್ತೆ ರಜೆ ಹಾಕಿ ಔರಂಗಾಬಾದಿಗೆ ಬಂದಿದ್ದೆ. ಅಪ್ಪ ಡ್ಯೂಟಿ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿ ಸ್ಟೇಷನ್ ಮಾಸ್ತರರ ಹಿಂದೆ ನಿಂತಿದ್ದ. ಸಾಹೇಬರು ವೇಟಿಂಗ್ ರೂಮು ನೋಡಿ, ಒಣಗಿದ ತೋಟವನ್ನು ನೋಡಿ, ಬೋರ್ಡಿನ ಮುಂದೆ ನಿಂತರು. ಕೊನೆಯ ಸಾಲಿಗೆ ಕೈ ತೋರಿಸಿ, ಇವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾಸ್ತರರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ದೊಡ್ಡವರ ಮುಂದೆ ಯೆಸ್ ಸರ್ ಬಿಟ್ಟು ಬೇರೆ ಮಾತಾಡಿ ಗೊತ್ತಿಲ್ಲದ ಅಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಮೈ ಫಾದರ್, ಸರ್," ಎಂದ.

ಸಾಹೇಬರು ತಲೆಯಾಡಿಸಿ ನೀರಿನ ನಲ್ಲಿಗಳ ಕಡೆ ಹೋದರು, ಮಾಸ್ತರರು ಅವರ ಹಿಂದೆ ಓಡಿದರು. ಅಪ್ಪ ಅಲ್ಲೇ ನಿಂತಿದ್ದ. ಇವರು ನಮ್ಮ ಅಪ್ಪ ಎಂದು ಎದುರಿಗೆ ತೋರಿಸಿ ಹೇಳುವ ಮಾತನ್ನು ಮಕ್ಕಳು ಶಾಲೆಯ ಬಾಗಿಲಲ್ಲಿ ಎಷ್ಟು ಸಲ ಹೇಳುತ್ತಾರೆ. ಅವನು ಹೇಳಿದ್ದು ಅದೇ ಮೊದಲು.